ಸ್ನೇಹದ ಭೇಟಿ

ಲಂಡನ್ನಿನ ಹ್ಯಾರೋದ ಕನ್ನಡ ಸಂಘದಲ್ಲಿ ಅಮೆರಿಕದ ದಾನಧರ್ಮದ ಇತಿಹಾಸ ಬಲ್ಲವರು ಮಧುಸೂದನ್ ಒಬ್ಬರೇ. ಹೊಟ್ಟೆಪಾಡಿಗೆ ಕಂಪ್ಯೂಟರು, ಹುಚ್ಚು ಮಾತ್ರ ಇದರದು. ಪ್ರತಿ ಯುಗಾದಿಗೂ ಊಟಕ್ಕೆ ಮುಂಚೆ ಅವರು ಮೈಕು ಹಿಡಿದರೆ ಒಳಗೆ ಬಿಸಿಬೇಳೆಬಾತು ಗಟ್ಟಿಯಾಗುತ್ತಿತ್ತು.

ಅಮೆರಿಕದಲ್ಲಿ ಹಿಂದಿನ ಕಾಲದ ಧರ್ಮಸಂಸ್ಥೆಗಳು ಕೇಳಿದವರಿಗೆಲ್ಲ ಕೊಡುತ್ತಿರಲಿಲ್ಲವಂತೆ. ಅನುಕೂಲಸ್ಥರ ಮನೆಯ ಹೆಂಗಸರು ಸ್ನೇಹದ ನೆಪದಲ್ಲಿ ಬಡವರ ಮನೆಗೆ ಹೋಗಿ, ಒಲೆ ಪಾತ್ರೆ ನೋಡಿ, ಕಷ್ಟ ನಿಜವೋ ಸುಳ್ಳೋ ತೀರ್ಮಾನಿಸುತ್ತಿದ್ದರಂತೆ. “ನಮಗೂ ಭಾವುಕತೆ ಬೇಡ, ಪದ್ಧತಿ ಬೇಕು!” ಎಂದು ಸಂಘದ ಸಹಾಯನಿಧಿಗೆ ಅದೇ ನಿಯಮ ಹಾಕಿಸಿದವರೂ ಇವರೇ. ಬೇಗ ಊಟಕ್ಕೆ ಬಿಡಲಿ ಅಂತ ಎಲ್ಲರೂ ಕೈ ಎತ್ತಿದ್ದರು.

ಎರಡು ಸಾವಿರದ ಎರಡರಲ್ಲಿ ಕಂಪನಿ ಅವರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿತು. ವೀಸಾದ ಮೇಲೆ ಬಂದವರಿಗೆ ಅಲ್ಲಿನ ಕೌನ್ಸಿಲ್ಲಿನ, ಅಂದರೆ ನಗರಸಭೆಯ, ನೆರವಿಲ್ಲ. ಬಾಡಿಗೆ ಕಟ್ಟದಿದ್ದರೆ ಕೊಲಿಂಡೇಲಿನ ಫ್ಲ್ಯಾಟು ಬಿಡಬೇಕು. ಮಾನ ನುಂಗಿಕೊಂಡು ಸಂಘಕ್ಕೆ ಫೋನು ಮಾಡಿದರು. ಭಾನುವಾರ ಬರುತ್ತೇನೆ ಎಂದರು ಅಧ್ಯಕ್ಷ ಡಾಕ್ಟರ್ ಜಗದೇವಪ್ಪ.

“ಶೋಭಾ, ಬರೀ ಟೀ ಕೊಡು. ಅವರು ಬರ್ತಿರೋದು ನೋಡೋಕೆ,” ಎಂದರು ಹೆಂಡತಿಗೆ.

“ಮನೆಗೆ ಬಂದವರಿಗೆ ಬರೀ ಟೀನಾ? ಅದನ್ನ ನಿಮ್ಮ ಅಮೆರಿಕದವರು ಕೊಟ್ಕೊಳ್ಳಲಿ!”

ಡಬ್ಬಿಯ ತಳದ ತುಪ್ಪ, ಉಳಿದಿದ್ದ ಒಂದು ಹಿಡಿ ಗೋಡಂಬಿ, ಎಲ್ಲ ಕೇಸರಿಬಾತಿಗೆ ಹೋಯಿತು. ಶೋಭಾ ರೇಷ್ಮೆ ಸೀರೆಯನ್ನೂ ಉಟ್ಟಳು.

“ಏನ್ರೀ ಮಧು, ಭಾಳ ತ್ರಾಸಿನ್ಯಾಗ ಅದೀರಿ ಅಂದ್ರು,” ಜಗದೇವಪ್ಪ ಬೆರಳು ನೆಕ್ಕಿದರು. “ಇಷ್ಟು ತುಪ್ಪಾ ನಮ್ಮ ಮನ್ಯಾಗೂ ಹಾಕೂದಿಲ್ಲ!”

“ಇನ್ನೊಂಚೂರು ಹಾಕ್ಲಾ ಡಾಕ್ಟ್ರೇ?” ಎಂದಳು ಶೋಭಾ.

“ಹಾಕ್ರಿ, ಹಾಕ್ರಿ. ಮನ್ಯಾಗ ಶುಗರ್ ಅಂತ ಮುಟ್ಟಗೊಡೂದಿಲ್ಲ. ಮತ್ತ ಮಧು, ಹೆಂಗೋ ನಡದದಲ್ಲ?”

ಮಧುಸೂದನ್ ಬಾಯಿ ತೆರೆದರು. ಅಮೆರಿಕದ ಆ ಬಡವರು ಆ ಹೆಂಗಸರ ಮುಂದೆ ಬಾಯಿಬಿಟ್ಟು ಹೇಗೆ ಕೇಳುತ್ತಿದ್ದರು ಎಂಬುದು ಅವರು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

“ಹಾಂ... ನಡೀತಿದೆ,” ಎಂದರು.

“ಅಂದ್ರ ಛೊಲೋ ಆತು. ಕೆಂಟನ್ನಿನ್ಯಾಗ ಒಬ್ರು ಖರೇನ ಕಷ್ಟದಾಗ ಅದಾರ, ಅವರಿಗೆ ಕೊಡೂಣು. ನಿಮ್ಮ ಪದ್ಧತಿ ಅಂದ್ರ ಪದ್ಧತಿ ನೋಡ್ರಿ!” ಲಿಫ್ಟಿನ ಬಾಗಿಲಲ್ಲಿ ಡಾಕ್ಟರು ಭುಜ ತಟ್ಟಿ ಹೋದರು.

“ದುಡ್ಡು ಕೇಳಿದ್ರಾ?” ಅಂದಳು ಶೋಭಾ.

“ತಿಂತಿದ್ರಲ್ಲೇ. ತಿನ್ನೋರನ್ನ ಹೇಗೆ ಕೇಳೋದು?”

ಅವಳು ತಟ್ಟೆಗಳನ್ನು ತೊಳೆದು ಒರೆಸಿದಳು. ಕಪಾಟಿಗಲ್ಲ, ಸೂಟ್‌ಕೇಸಿಗೆ ಒಂದೊಂದಾಗಿ ಜೋಡಿಸತೊಡಗಿದಳು.