ಎರಡನೇ ಸೈಡಿನ ಮೂರನೇ ಹಾಡು

ಇಲ್ಲ, ಅದು ಭಾನುವಾರ ಆಗಿರಲಿಕ್ಕಿಲ್ಲ. ಭಾನುವಾರವಾಗಿದ್ದರೆ ನನ್ನ ಗೆಳೆಯ ಮಲ್ಲಿಯ ಅಪ್ಪ ಮನೆಯಲ್ಲಿರುತ್ತಿದ್ದರು. ಅವರಿದ್ದಾಗ ಎರಡು ಟೇಪ್ ರೆಕಾರ್ಡರುಗಳನ್ನು ಮನೆಯ ಹಾಲಿನಲ್ಲಿ ಎದುರುಬದುರು ಕೂರಿಸಿ, ಬಾಗಿಲು ಹಾಕಿಕೊಂಡು ಬರುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ. ಆದರೂ ಇಷ್ಟು ವರ್ಷ ಭಾನುವಾರ ಅಂತಲೇ ಹೇಳಿಕೊಂಡು ಬಂದಿದ್ದೇನೆ. ಒಂದು ಸುಳ್ಳು ಮೂವತ್ತು ವರ್ಷ ಸರ್ವೀಸು ಮಾಡಿದ ಮೇಲೆ ಅದಕ್ಕೂ ಪಿಂಚಣಿ ಕೊಡಬೇಕಾಗುತ್ತದೆ. ನೀವು ಭಾನುವಾರ ಅಂತಲೇ ಇಟ್ಟುಕೊಳ್ಳಿ.

ಇದೆಲ್ಲ ತಲೆಗೆ ಬಂದದ್ದು ಮೊನ್ನೆ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ. ನಾನು ಅಲ್ಲೊಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಜೇಬಿನಲ್ಲಿ ಫೋನು ಗುಂಯ್ ಅಂದಿತು. ಹೊಳೆನರಸೀಪುರದಿಂದ ಮಲ್ಲಿ ಒಂದು ಲಿಂಕ್ ಕಳಿಸಿದ್ದ. ಕೆಳಗೆ ಎರಡು ಸಾಲು: "ಸಿಕ್ತು ಕಣ್ಲಾ. ಎರಡನೇ ಸೈಡು ಮೂರನೇ ಆಡು." ನಮ್ಮ ಕಡೆಯವರು ಬಾಯಲ್ಲಿ ಬಿಟ್ಟ ಹಕಾರವನ್ನು ಬೆರಳಲ್ಲೂ ಬಿಡುತ್ತಾರೆ. ಗೊತ್ತಿಲ್ಲದವರು ಓದಿದ್ದರೆ ಕಳೆದುಹೋದ ಮೇಕೆಯೊಂದು ಸಿಕ್ಕಿತು ಅಂದುಕೊಳ್ಳುತ್ತಿದ್ದರು.

ಒತ್ತಿದರೆ ಹಾಡು ಬರುತ್ತಿತ್ತು. ನಾನು ಒತ್ತಲಿಲ್ಲ. ಎರಡು ಬಸ್ಸು ಹೋದವು, ಆಗಲೂ ಒತ್ತಲಿಲ್ಲ. ಯಾಕೆ ಅಂತ ಹೇಳಬೇಕಾದರೆ ಹಾಸನದ ಒಂದು ಲಾಡ್ಜಿನಿಂದ ಶುರುಮಾಡಬೇಕು.

ಆ ಲಾಡ್ಜಿಗೆ ಮಲ್ಲಿಯ ಸೋದರಮಾವ ಮ್ಯಾನೇಜರು. ಬೇಲೂರು, ಹಳೇಬೀಡು ನೋಡಲು ಬಂದ ಬಿಳಿಯರು ಅಲ್ಲಿ ಉಳಿದುಕೊಳ್ಳುತ್ತಿದ್ದರು, ಹೋಗುವಾಗ ಏನಾದರೊಂದನ್ನು ಮರೆಯುತ್ತಿದ್ದರು. ಟವೆಲು, ಟೋಪಿ, ಒಂದು ಸಲ ಕಟ್ಟಿಸಿದ ಹಲ್ಲು. ಆ ಸಲ ಒಂದು ಕ್ಯಾಸೆಟ್ಟು. ಲೇಬಲ್ಲಿನ ಮೇಲೆ ಶಾಯಿಯಲ್ಲಿ 'ದಿ' ಅಂತ ಬರೆದಿತ್ತು. ಅದರ ಮುಂದಿನದ್ದೆಲ್ಲ ಒದ್ದೆಯಾಗಿ ನೀಲಿ ಮೋಡವಾಗಿತ್ತು. ಕೆಳಗಿನ ಸಾಲು ಮಾತ್ರ ಸ್ಪಷ್ಟ: 'ಪೋಸ್ಟ್ ಪಂಕ್'.

ಮಾವ ಶಿಸ್ತಿನ ಮನುಷ್ಯ. "ಪಂಕ್ ಅನ್ನೋರಿಗೆ ಪೋಸ್ಟ್ ಮಾಡಿ ಅಂತ ಬರೆದಿಟ್ಟು ಓಗವ್ರೆ ಕಣಪ್ಪ. ಅಡ್ರೆಸ್ ಬರಿಯೋದ್ ಮರ್ತವ್ರೆ," ಅಂದರು. ಅಡ್ರೆಸ್ ಹೇಳಿ ಕಾಗದ ಬಂದೀತು ಅಂತ ಆರು ತಿಂಗಳು ಕಾದರು. ಪಂಕ್ ಮಹಾಶಯರ ಪದಾರ್ಥವನ್ನು ಬೇರೆಯವರು ಮುಟ್ಟಬಾರದೆಂದು ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದರು. ನಾವು ಪಿಯುಸಿ ಓದುತ್ತಿದ್ದವರು, ವಾರಕ್ಕೆರಡು ಸಲ ಹೋಗಿ ಗೋಗರೆದೆವು. ಕೊನೆಗೆ ಮಣಿದರು. "ಒಂದೇ ದಿನ. ನಾಳೆಗೇ ಅಡ್ರೆಸ್ ಬಂದ್ಬುಟ್ರೆ ಆ ದೊರೆಗೆ ನಾನೇನ್ ಏಳ್ಲಿ?"

ಹೀಗೆ ಒಂದು ದಿನದ ಮಟ್ಟಿಗೆ ಇಂಗ್ಲೆಂಡಿನ ಆ ಸಂಗೀತ ತಂಡ ಹೊಳೆನರಸೀಪುರಕ್ಕೆ ಬಂತು. ಹೆಸರು ಅಳಿಸಿಹೋಗಿದ್ದರಿಂದ ನಾವು ಅವರನ್ನು 'ದಿ' ಅಂತಲೇ ಕರೆದೆವು, ಬಹುವಚನದಲ್ಲಿ 'ದಿಗಳು'. ಅವರ ನಿಜವಾದ ಹೆಸರು ಈಗ ನನಗೆ ಗೊತ್ತು. ಹೇಳುವುದಿಲ್ಲ. ಇಷ್ಟು ವರ್ಷದ ಸಲಿಗೆ ಹಾಳಾಗುತ್ತದೆ.

ಒಂದು ಟೇಪಿನಿಂದ ಇನ್ನೊಂದಕ್ಕೆ ವೈರಿನಲ್ಲಿ ಇಳಿಸಬಹುದು ಅನ್ನುವುದು ನಮಗೆ ಗೊತ್ತಿರಲಿಲ್ಲ. ಮಲ್ಲಿಯ ಮನೆಯ ಹಾಲಿನಲ್ಲಿ ಒಂದು ಟೇಪ್ ರೆಕಾರ್ಡರು ಹಾಡಬೇಕು, ಪಕ್ಕದ ಮನೆಯಿಂದ ತಂದ ಇನ್ನೊಂದು ಕೇಳಿಸಿಕೊಳ್ಳಬೇಕು. ನಮ್ಮ ಉಸಿರು ಕೂಡ ಅದರಲ್ಲಿ ಬೀಳಬಾರದೆಂದು ಬಾಗಿಲು ಎಳೆದುಕೊಂಡು ಹೊರಗೆ ಜಗಲಿಯ ಮೇಲೆ ಬಂದು ಕೂತೆವು. ಅಷ್ಟು ಎಚ್ಚರ ವಹಿಸಿದ ನಾವು ಒಂದನ್ನು ಮರೆತೆವು. ಹಾಲಿನ ಇನ್ನೊಂದು ಬಾಗಿಲು ಅಡುಗೆಮನೆಗೆ ತೆರೆದಿತ್ತು.

ಆ ಸಂಗೀತದ ಬಗ್ಗೆ ಏನು ಹೇಳಲಿ. ನಾವು ಅಲ್ಲಿಯತನಕ ಕೇಳಿದ ಹಾಡುಗಳಲ್ಲಿ ರಾಗ ಮುಂದೆ ಕೂತು, ಮಿಕ್ಕವರೆಲ್ಲ ಹಿಂದೆ ಚಾಪೆಯ ಮೇಲೆ ಕೂರುತ್ತಿದ್ದರು. ಇಲ್ಲಿ ಎಲ್ಲ ತಿರುಗಾಮುರುಗಾ. ಹಿಂದೆ ಗುಂ ಗುಂ ಅನ್ನಬೇಕಾದ ಬೇಸ್ ಗಿಟಾರು ಮುಂದೆ ಬಂದು ಅದೇ ಹಾಡುತ್ತಿತ್ತು. ಹಾಡಬೇಕಾದ ಗಿಟಾರು ತಗಡು ಕೆರೆಯುತ್ತಿತ್ತು. ಡ್ರಮ್ಮಿನವನು ಹಿಟ್ಟಿನ ಮಿಲ್ಲಿನ ಬೆಲ್ಟಿನ ಹಾಗೆ ಸುಮ್ಮನೆ ಓಡುತ್ತಿದ್ದ. ಗಾಯಕ ಮಾತ್ರ ಹಾಡುತ್ತಲೇ ಇರಲಿಲ್ಲ; ನ್ಯಾಯಬೆಲೆ ಅಂಗಡಿಯ ಮುಂದೆ ಸಕ್ಕರೆ ಬಂದಿಲ್ಲ, ಸೀಮೆಎಣ್ಣೆ ಬಂದಿಲ್ಲ ಅಂತ ಕೂಗುವವನ ಧಾಟಿಯಲ್ಲಿ ಮಾತಾಡುತ್ತಿದ್ದ. ಮೊದಲ ಸಲ ಕೇಳಿದಾಗ ಮಲ್ಲಿ, "ಇವ್ರಿಗೆ ಯಾರೋ ಸರ್ಯಾಗಿ ಏಳ್ಕೊಟ್ಟಿಲ್ಲ ಕಣ್ಲಾ," ಅಂದ. ಹತ್ತನೇ ಸಲ ಕೇಳಿದಾಗ ನಮಗೆ ಹೇಳಿಕೊಟ್ಟವರೆಲ್ಲ ತಪ್ಪು ಹೇಳಿಕೊಟ್ಟಿದ್ದಾರೆ ಅನ್ನಿಸಿತು.

ನಮ್ಮ ಕಾಪಿಯಲ್ಲಿ ಇನ್ನೂ ಕೆಲವು ವಾದ್ಯಗಳು ಸೇರಿಕೊಂಡಿದ್ದವು. ಮೊದಲನೇ ಸೈಡಿನಲ್ಲಿ ಒಂದು ಕಡೆ ಸಾಸಿವೆ ಸಿಡಿಯುತ್ತದೆ. ಎರಡನೇ ಸೈಡಿನ ಮೂರನೇ ಹಾಡಿನಲ್ಲಿ ಕುಕ್ಕರು ಸೀಟಿ ಹೊಡೆಯುತ್ತದೆ. ಅದಾದ ಸ್ವಲ್ಪ ಹೊತ್ತಿಗೆ, ಬೇಸ್ ಒಂದೇ ಉಳಿದು ಮಿಕ್ಕೆಲ್ಲ ನಿಂತಾಗ, ಒಂದು ದನಿ ಸ್ಪಷ್ಟವಾಗಿ ಹೇಳುತ್ತದೆ: ಆ ಲೋಟ ಆಚೆ ಇಡು.

ಇನ್ನು ನನ್ನ ಬಗ್ಗೆ ಎರಡು ಮಾತು. ನಮ್ಮದು ಹಳ್ಳಿಮೈಸೂರಿನ ಹತ್ತಿರದ ಊರು. ಅಪ್ಪ ನಾಲೆಯ ನೀರುಗಂಟಿ; ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿ ಬಿಡುವ ಕೆಲಸ. ನಮ್ಮ ಕೇರಿಯ ಮನೆಗಳಲ್ಲಿ ಬುದ್ಧನ ಪಟ. ಮಲ್ಲಿಯವರು ಪೇಟೆಯ ಕಬ್ಬಿಣದಂಗಡಿಯವರು, ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ. ಲೋಟ ಆಚೆ ಇಡುವುದು ಅಂದರೆ ಏನು ಅಂತ ನಮ್ಮ ಕೇರಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ನಿಮಗೂ ಬೇಕಿಲ್ಲ ಅಂದುಕೊಂಡಿದ್ದೇನೆ.

ಅವತ್ತು ಜಗಲಿಗೆ ಕಾಫಿ ಬಂತು. ಮಲ್ಲಿಗೆ ಸ್ಟೀಲ್ ಲೋಟ, ನನಗೆ ಹೂವಿನ ಚಿತ್ರದ ಗಾಜಿನ ಲೋಟ. ನೆಂಟರಿಗೆ ಕೊಡುವಂಥದ್ದು ಅಂತ ನಾನು ಉಬ್ಬಿಹೋದೆ. ಟೇಪು ಕೇಳಿದ ಮೇಲೆ ಆ ಹೂವು ಬೇರೆ ಥರ ಕಾಣತೊಡಗಿತು. ಈಗ ಕೇಳಿದರೆ, ಗಾಜಿನ ಲೋಟ ನಿಜವಾಗಿ ಇತ್ತೋ ಟೇಪು ಕೇಳಿದ ಮೇಲೆ ನಾನೇ ತಂದಿಟ್ಟೆನೋ ಹೇಳಲಾರೆ. ನನ್ನ ನೆನಪು ಬಹಳ ಉಪಕಾರಿ. ಬೇಕಾದ ಸಾಕ್ಷಿಯನ್ನು ಬೇಕಾದಾಗ ತಂದು ನಿಲ್ಲಿಸುತ್ತದೆ.

ಅದು ಯಾವ ಲೋಟ ಅಂತ ಮಲ್ಲಿಯನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಬದಲಿಗೆ ಒಂದು ಸಿದ್ಧಾಂತ ಕಂಡುಹಿಡಿದೆ. ನಾವು ಡಿಗ್ರಿಗೆ ಹಾಸನಕ್ಕೆ ಹೋದಾಗ ಹಾಸ್ಟೆಲಿನಲ್ಲಿ ಟೇಪು ಹಾಕಿದರೆ, ಹುಡುಗರೆಲ್ಲ ಆ ಜಾಗಕ್ಕೆ ಕಾದು ಕೂತಿದ್ದು ಒಟ್ಟಿಗೆ ಕೂಗುತ್ತಿದ್ದರು: ಆ ಲೋಟ ಆಚೆ ಇಡು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ನಾನು. ಕೂಗಿ ಮುಗಿದ ಮೇಲೆ ವ್ಯಾಖ್ಯಾನ ಕೊಡುತ್ತಿದ್ದೆ. ಅದು ಕನ್ನಡವೇ ಅಲ್ಲ ಕಣ್ರೋ, ಇಂಗ್ಲಿಷಿನವನು 'ಎ ಲಾಟ್ ಟು ಅಚೀವ್ ಟೂ' ಅಂತಿದ್ದಾನೆ, ಸಾಧಿಸಬೇಕಾದ್ದು ಬಹಳ ಇದೆ ಅಂತ ಅರ್ಥ, ನಿಮ್ಮ ಕಿವಿ ಹೊಳೆನರಸೀಪುರದ್ದು. ಬೇಗ ಬೇಗ ಹೇಳಿ ನೋಡಿ, ಸುಮಾರಾಗಿ ಹೊಂದುತ್ತದೆ. ಮಲ್ಲಿ, "ಎಂಗಸಿನ ದನಿ ಅಲ್ವೇನ್ಲಾ ಅದು?" ಅಂದರೆ, ಅವರ ಕಡೆ ಗಂಡಸರೂ ಹಾಗೆ ಹಾಡುತ್ತಾರೆ ಅನ್ನುತ್ತಿದ್ದೆ.

ಅಷ್ಟಕ್ಕೇ ಬಿಡಲಿಲ್ಲ. ಹಾಸ್ಟೆಲಿನ ಭಿತ್ತಿಪತ್ರಿಕೆಗೆ 'ದಿ ತಂಡದ ಚರಿತ್ರೆ' ಅಂತ ಎರಡು ಪುಟ ಬರೆದೆ. ಉತ್ತರ ಇಂಗ್ಲೆಂಡಿನ ಮಿಲ್ಲಿನ ಊರು, ಮಿಲ್ಲು ಮುಚ್ಚಿದೆ, ಕೆಲಸವಿಲ್ಲದ ನಾಲ್ವರು. ಪಂಕ್ ಅನ್ನುವ ಗದ್ದಲದ ಸಂಗೀತ ಆಗಲೇ ಬಂದು, ಕಿರುಚಿ, ದಣಿದು ಮನೆಗೆ ಹೋಗಿದೆ. ಕಿರುಚಿದ ಮೇಲೆ ಏನು ಮಾಡಬೇಕು ಅಂತ ಯೋಚಿಸಿದವರು ಇವರು. ಗಿಟಾರಿನ ಮೂರು ತಂತಿ ಕಿತ್ತುಹೋದದ್ದರಿಂದ ಬೇಸಿಗೆ ಬಡ್ತಿ ಸಿಕ್ಕಿತು. ಹೀಗೆ. 'ಪೋಸ್ಟ್' ಅಂದರೆ ಅಂಚೆಯಲ್ಲ, 'ಆಮೇಲಿನದು' ಅಂತ ಅಷ್ಟು ಹೊತ್ತಿಗೆ ನಮ್ಮ ಇಂಗ್ಲಿಷ್ ಲೆಕ್ಚರರು ತಿಳಿಸಿದ್ದರು. ಮಿಕ್ಕ ಒಂದೊಂದು ಅಕ್ಷರವೂ ನನ್ನದು. ಕೊನೆಯ ಸಾಲು: 'ಸಾಧಿಸಬೇಕಾದ್ದು ಬಹಳವಿದೆ ಎಂಬುದೇ ಇವರ ಸಂದೇಶ.' ಅರಕಲಗೂಡಿನ ಹುಡುಗನೊಬ್ಬ ಅದನ್ನು ನೋಟ್ ಬುಕ್ಕಿಗೆ ಇಳಿಸಿಕೊಂಡ. ಅವನ ಮುಖ ನೆನಪಿದೆ, ಹೆಸರಿಲ್ಲ. ನಾನು ಮೇಷ್ಟ್ರಾಗಬಹುದು ಅನ್ನಿಸಿದ್ದು ಆಗಲೇ ಇರಬೇಕು.

ಆ ಕಾಪಿ ಈಗ ಇಲ್ಲ. ಒಂದು ವರ್ಷ ಭತ್ತ ಹಾಲುಗಾಳಾದಾಗ ಗಿಣಿಗಳ ಕಾಟಕ್ಕೆ ಅಪ್ಪ ಟೇಪನ್ನು ಎಳೆದು ಗದ್ದೆಯ ತುಂಬ ಕಟ್ಟಿದರು. ಗಾಳಿಗೆ ಅದು ಝುಂಯ್ ಅನ್ನುತ್ತಿತ್ತು. "ಒಳ್ಳೇ ಟೇಪು ಕಣಪ್ಪ ಇದು, ಒಂದು ಅಕ್ಕಿನೂ ಅತ್ರ ಬರ್ಲಿಲ್ಲ," ಅಂದರು ಅಪ್ಪ. ದಿಗಳ ಬಗ್ಗೆ ಅದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ. ಅಪ್ಪ ನನ್ನನ್ನು ಕೇಳದೆ ಅದನ್ನು ತೆಗೆದುಕೊಂಡರು ಅಂತ ಮಲ್ಲಿಗೆ ಹೇಳಿದ್ದೇನೆ. ನಾನೇ ಹುಡುಕಿ ಕೊಟ್ಟಿರಲೂಬಹುದು.

ಈಗ ನಾನು ಬಸ್ ಸ್ಟ್ಯಾಂಡಿನಲ್ಲಿ ಯಾಕೆ ನಿಂತೇ ಇದ್ದೆ ಅಂತ ಗೊತ್ತಾಗಿರಬೇಕು. ಮಲ್ಲಿ ಕಳಿಸಿದ್ದು ಮೂಲ. ಮೂಲದಲ್ಲಿ ಆ ಸಾಲಿದ್ದರೆ ಅದು ಇಂಗ್ಲೆಂಡಿನವನದು, ಮಲ್ಲಿಯ ಅಮ್ಮ ಸರ್ವಮಂಗಳಮ್ಮನವರು ಏನೂ ಅಂದಿಲ್ಲ. ಇಲ್ಲದಿದ್ದರೆ ಅಂದಿದ್ದಾರೆ. ಒಬ್ಬನೇ ಕೇಳುವುದು ಬೇಡ ಅನ್ನಿಸಿತು. ಮೂರನೆಯ ಬಸ್ಸು ಹೊಳೆನರಸೀಪುರದ್ದು. ಹತ್ತಿದೆ.

ಮಲ್ಲಿ ಅದೇ ಮನೆಯಲ್ಲಿದ್ದಾನೆ. ಮಾಳಿಗೆ ಎದ್ದಿದೆ, ಜಗಲಿಗೆ ಗ್ರಿಲ್ಲು ಬಂದಿದೆ. ಹಾಲಿನಲ್ಲಿ ಸರ್ವಮಂಗಳಮ್ಮನವರು ಸೊಪ್ಪು ಬಿಡಿಸುತ್ತ ಕೂತಿದ್ದರು. ಎಂಬತ್ತರ ಹತ್ತಿರ, ಕಿವಿ ಚುರುಕು. "ಬಾ ಮಗ, ಸ್ಕೂಲಿಗೆ ರಜವಾ?" ಅಂದರು. ನಾನು ಬರಲಿ ಅಂತ ತಾನೂ ಹಾಡು ಕೇಳದೆ ಕಾದಿದ್ದ ಮಲ್ಲಿ ಫೋನನ್ನು ಸ್ಟೀಲ್ ಡಬ್ಬಿಯೊಳಗೆ ನಿಲ್ಲಿಸಿ ದನಿ ದೊಡ್ಡದು ಮಾಡಿದ.

ಬೇಸ್ ಶುರುವಾಯಿತು. ಹಾಡು ಶುಭ್ರವಾಗಿತ್ತು, ಒಗ್ಗರಣೆ ಬೀಳದ ಸಾರಿನ ಹಾಗೆ. ಸರ್ವಮಂಗಳಮ್ಮನವರು ಸ್ವಲ್ಪ ಕೇಳಿ, "ಯಾರ್ ಸತ್ತವ್ರೆ?" ಅಂದರು.

"ಯಾರೂ ಸತ್ತಿಲ್ಲ, ಸುಮ್ಕಿರಮ್ಮ. ಈಗ ನಿನ್ ಕುಕ್ಕರ್ ಬರೋ ಜಾಗ."

ಬಂತು. ಸೀಟಿ, ಉದ್ದಕ್ಕೆ, ನಮ್ಮ ಕಾಪಿಯಲ್ಲಿದ್ದ ಹಾಗೇ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅದು ದಿಗಳದೇ ಸೀಟಿ. ಅವರು ರೆಕಾರ್ಡು ಮಾಡುತ್ತಿದ್ದ ಕೋಣೆಯಲ್ಲಿ ಚಹಾಕ್ಕೆ ನೀರಿಟ್ಟಿದ್ದರಂತೆ, ಕೆಟಲು ಕೂಗಿತಂತೆ, ಇರಲಿ ಅಂತ ಬಿಟ್ಟರಂತೆ. ಮಲ್ಲಿ ಆಗಲೇ ಫೋನಿನಲ್ಲಿ ಅವರ ಚರಿತ್ರೆ ಓದಿಕೊಂಡಿದ್ದ; ಆ ಕೆಟಲು ಈ ಹಾಡಿನದು ಅಂತ ಹೊಳೆದದ್ದು ಮಾತ್ರ ಈಗ. ಮಿಲ್ಲಿನ ಊರು ಅನ್ನುವುದು ನಿಜವಂತೆ. ತಂಡ ಕಟ್ಟಿದ ಮೇಲೆ ನುಡಿಸಲು ಕಲಿತರಂತೆ. ಎರಡು ರೆಕಾರ್ಡು ತಂದು, ಯಾರೂ ಕೊಳ್ಳದೆ, ಜಗಳವಾಡಿ ಬೇರೆಯಾದರಂತೆ. ಡ್ರಮ್ಮಿನವನು ಕಾರು ಓಡಿಸುವುದು ಕಲಿಸುತ್ತಿದ್ದಾನಂತೆ.

"ನಮ್ಮನೇಲಿ ಆಗ ಕುಕ್ಕರ್ ಎಲ್ಲಿತ್ಲಾ?" ಅಂದರು ಸರ್ವಮಂಗಳಮ್ಮ. "ನಿನ್ ಮದುವೇಲಿ ಬಂತಲ್ವಾ ಅದು."

ಹಾಗಾದರೆ ನಾವು ಇಷ್ಟು ವರ್ಷ ಇಲ್ಲದ ಕುಕ್ಕರಿನ ಸೀಟಿ ಕೇಳಿದ್ದೆವು. ಸೀಟಿ ದಿಗಳದಾದರೆ ಸಾಲೂ ಅವರದಾಗಬಹುದು. ಗಿಟಾರು ನಿಂತಿತು, ಡ್ರಮ್ಮು ನಿಂತಿತು. ಬೇಸ್ ಒಂದೇ ಉಳಿಯಿತು. ಎಂಟು ಪೆಟ್ಟು. ಆಮೇಲೆ ಎಲ್ಲ ಮತ್ತೆ ಶುರುವಾಯಿತು.

ನಡುವೆ ಹಾಡಿನಲ್ಲಿ ಯಾರೂ ಏನೂ ಅನ್ನಲಿಲ್ಲ.

ಮಲ್ಲಿ ಹಿಂದಕ್ಕೆ ಎಳೆದು ಇನ್ನೊಮ್ಮೆ ಹಾಕಿದ. ಎಂಟು ಪೆಟ್ಟು, ಬೇರೇನಿಲ್ಲ. ಅವನು ಹಾಡು ನಿಲ್ಲಿಸಿ, "ಎಲ್ಲೋಯ್ತ್ಲಾ ನಿನ್ ಅಚೀವು?" ಅಂದ. ನಗಲು ಹೊರಟವನು ನನ್ನ ಮುಖ ನೋಡಿ ಅರ್ಧಕ್ಕೇ ಬಿಟ್ಟ. ಅವನಿಗೆ ಆ ಸಾಲು ಏನು ಅನ್ನುವುದು ಆಗ ಹೊಳೆಯಿತೋ, ಹಾಸ್ಟೆಲಿನಲ್ಲೇ ಹೊಳೆದಿತ್ತೋ. "ಆಚೆ ಅಂದ್ರೆ ಜಗಲಿಗೆ ಕಣ್ಲಾ. ನಾವು ಜಗಲಿ ಮ್ಯಾಲೆ ಇದ್ವಲ್ಲ. ಅಲ್ವೇನಮ್ಮ?"

"ಯಾವುದ್ಲಾ?"

ನಾನೇ ಹೇಳಿದೆ. ಹಾಸ್ಟೆಲಿನಲ್ಲಿ ಅಷ್ಟು ಜೋರಾಗಿ ಕೂಗಿದ ಸಾಲನ್ನು ಆ ಹಾಲಿನಲ್ಲಿ ಒಂದೊಂದೇ ಪದ ಬಿಡಿಸಿ ಹೇಳಿದೆ. ಅವತ್ತು ನೀವು ಹೀಗಂದಿರಿ ಅಮ್ಮ, ಟೇಪಿನಲ್ಲಿ ಬಿದ್ದಿತ್ತು, ಅದು ಯಾವ ಲೋಟ ಅಂತ.

ಅವರು ಕೈಯಲ್ಲಿದ್ದ ಸೊಪ್ಪಿನ ಕಡ್ಡಿಯನ್ನು ಪಕ್ಕಕ್ಕಿಟ್ಟರು. ಮಲ್ಲಿ, "ಕಾಫಿಗ್ ಇರ್ಬೇಕು ಬುಡಮ್ಮ," ಅಂದ.

"ನೀನ್ ಸುಮ್ಕಿರ್ಲಾ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೆಂಟ್ರು ಜಗಲಿ ಮ್ಯಾಲೆ ಕೂತಿದ್ರೂ ಅಂಗೇ ಅಂತಿದ್ದೆ ಕಣಪ್ಪ, ಲೋಟ ಆಚೆ ಇಡು, ಕಾಫಿ ತತ್ತೀನಿ ಅಂತ. ನಿಮ್ ಕೇರಿಯೋರು ಯಾರಾನಾ ಬಂದೋದ್ರೂ ಅಂಗೇ ಅಂತಿದ್ದೆ. ಅವ್ರಿಗೆ ಅಂತ ಒಂದ್ ಲೋಟ ಬ್ಯಾರೆ ಇತ್ತು. ಈ ವಯಸ್ಸಲ್ಲಿ ಸುಳ್ಳ್ಯಾಕ್ ಏಳ್ಲಿ."

"ನಂಗೆ?"

"ನಿಂಗೆ ಯಾವುದಂದ್ನೋ ನೆಪ್ಪಿಲ್ಲ. ನೆಪ್ಪಿದ್ದಿದ್ರೆ ಏಳ್ತಿದ್ದೆ."

ಇದಾಗಿ ಹತ್ತು ದಿನವಾಯಿತು. ಈಗ ಹಾಡನ್ನು ಧೈರ್ಯವಾಗಿ ಕೇಳುತ್ತೇನೆ. 'ಎ ಲಾಟ್ ಟು ಅಚೀವ್' ಅನ್ನುವುದನ್ನು ಬಿಟ್ಟುಕೊಟ್ಟಿದ್ದೇನೆ. ದಿಗಳು ಅಂಥ ಉಪದೇಶವನ್ನು ಯಾರಿಗೂ ಮಾಡಿಲ್ಲ, ಅರಕಲಗೂಡಿನ ಆ ಮಹಾನುಭಾವ ಎಲ್ಲಿದ್ದರೂ ನೋಟ್ ಬುಕ್ಕಿನ ಆ ಸಾಲನ್ನು ಹೊಡೆದುಹಾಕಬಹುದು. ಆ ದನಿ ಸರ್ವಮಂಗಳಮ್ಮನವರದೇ. ಅವರು ಆಚೆ ಅಂದದ್ದು ಜಗಲಿಗೋ ಮನೆಯಿಂದ ಹೊರಕ್ಕೋ, ಅವರಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.