ಬಂಪರಿನ ಗೆಜ್ಜೆಸರ

ಅಣ್ಣಿಗೇರಿಯ ಹತ್ತಿ ವ್ಯಾಪಾರಿ ಶಂಭುಲಿಂಗಪ್ಪನ ಮನೆಯಲ್ಲಿ ಎತ್ತು ಮಾರುವಾಗ ಒಂದು ರೂಢಿ ಇತ್ತು. ಕೊಳ್ಳುವವನು ಬರುವ ಮೊದಲೇ ಎತ್ತಿನ ಕೊರಳ ಗೆಜ್ಜೆಸರ ಬಿಚ್ಚಿ ತೊಳೆದು ಪಡಸಾಲೆಯ ಗೂಟಕ್ಕೆ ಹಾಕುತ್ತಿದ್ದರು. ಎತ್ತು ಹೋಗುತ್ತಿತ್ತು, ಸರ ಮಾರಿದವರ ಮನೆಯಲ್ಲೇ ಉಳಿಯುತ್ತಿತ್ತು. ಡ್ರೈವರ್ ಮಹಬೂಬಸಾಬ ಇಪ್ಪತ್ತೆರಡು ವರ್ಷದಿಂದ ಇದನ್ನು ನೋಡಿದ್ದ.

ಅವನು ಓಡಿಸುತ್ತಿದ್ದದ್ದು ಸಾವಕಾರ ಶಂಭುಲಿಂಗಪ್ಪನ ನಲವತ್ತೇಳನೇ ಇಸವಿಯ ಹಸಿರು ಡಾಜ್ ಪಿಕಪ್. ಅದರ ಮೇಲೆ ಎರೆಮಣ್ಣಿನ ಕೆಸರು ಒಣಗಲು ಬಿಡುತ್ತಿರಲಿಲ್ಲ; ಚಪ್ಪಲಿ ಬಿಟ್ಟೇ ಒಳಗೆ ಹತ್ತುತ್ತಿದ್ದ. “ಅದರ ಮೈ ದಿನಾ ತಿಕ್ಕತೀರಿ, ನಮ್ಮ ಮನಿ ಸೋರೂದ ಕಾಣೂದಿಲ್ಲ,” ಎಂದು ಹೆಂಡತಿ ಹಲೀಮಾಬಿ ಚುಚ್ಚುತ್ತಿದ್ದಳು. ಒಂದು ಮಹಾನವಮಿಯ ಪೂಜೆಯಲ್ಲಿ, ಸತ್ತುಹೋಗಿದ್ದ ಎತ್ತೊಂದರ ಗೆಜ್ಜೆಸರವನ್ನು ಸಾವಕಾರನೇ ಗಾಡಿಯ ಬಂಪರಿಗೆ ಕಟ್ಟಿದ್ದ.

ಸರ್ಕಾರಿ ಬಸ್ಸಿನ ಕೆಲಸ ಸಿಕ್ಕು ಮಹಬೂಬಸಾಬ ಹೊರಟು ನಿಂತಾಗ ತಡೆದವನೂ ಅವನೇ. “ಗಾಡಿ ನಿನ್ನ ಕೈಯಾಗ ಇರ್ಲಿ. ಮಾರೂ ಹೊತ್ತ ಬಂದ್ರ ಮೊದ್ಲ ನಿನ್ನ ಕೇಳತೇನಿ.” ಆ ಮಾತು ನಂಬಿ ಅವನು ಬಸ್ಸಿನ ಕೆಲಸ ಬಿಟ್ಟ.

೧೯೭೪ರ ಬೇಸಿಗೆಯ ಒಂದು ಬೆಳಗ್ಗೆ ಸಾವಕಾರ ಕರೆದ. “ಗೆಜ್ಜಿಸರ ಬಿಚ್ಚಿ ತೊಳಿ. ಗಾಡಿನೂ ಅಗದಿ ಲಕಲಕ ಆಗ್ಬೇಕ ನೋಡು.”

“ಮದಿವಿಗೆ ಹೊಂಟೈತೇನ್ರಿ?”

“ಹ್ಞೂಂ, ಹಂಗ ತಿಳಿ.”

ಚಪ್ಪಲಿ ಕೆಳಗೆ ಬಿಟ್ಟು ಹತ್ತಿ ಗಾಡಿಯ ಒಳಗೂ ಒರೆಸಿದ; ಹುಣಸೆಹಣ್ಣು ಹಚ್ಚಿ ಒಂದೊಂದೇ ಗೆಜ್ಜೆ ಬೆಳಗಿದ. ಆರಲೆಂದು ಸರವನ್ನು ಗೂಟಕ್ಕೆ ಹಾಕಿ ಹೊರಗೆ ಬಂದರೆ, ಕೊಲ್ಹಾಪುರದವನೊಬ್ಬ ಬೂಟುಗಾಲಲ್ಲೇ ಸ್ಟೀರಿಂಗ್ ಹಿಡಿದು ಕೂತಿದ್ದ. ಮಹಬೂಬಸಾಬ ತಿರುಗಿ ಗೂಟ ನೋಡಿದ. ಎತ್ತಿಗೆ ಮಾಡುವುದನ್ನೇ ಗಾಡಿಗೂ ಮಾಡಿದ್ದರು. ಅದೂ ಅವನ ಕೈಯಿಂದಲೇ.

“ಕೇಳತೇನಿ ಅಂದಿದ್ರಿ, ಸಾವ್ಕಾರ್ರ.”

“ಕೇಳಿದ್ರ ಬ್ಯಾಡ ಅಂತಿದ್ದಿ. ಅದಕ್ಕ ಕೇಳಲಿಲ್ಲ. ಇವ್ರಿಗೆ ಚಾಲೂ ಮಾಡೂದ ಕಲಿಸು, ಬ್ಯಾರೆಯವ್ರ ಕೈಗೆ ಅದು ಬಗ್ಗೂದಿಲ್ಲ.”

ಒಲ್ಲೆ ಎನ್ನಬಹುದಿತ್ತು. ಆದರೆ ಅರಿಯದವರು ಹ್ಯಾಂಡಲ್ ತಿರುಗಿಸಿ ತಿರುಗಿಸಿ ಎಂಜಿನ್ ಕೆಡಿಸುತ್ತಾರೆ. ಆ ಕಬ್ಬಿಣದ ಹ್ಯಾಂಡಲ್ ತಂದು ಗಾಡಿಯ ಮೂತಿಗೆ ಸಿಕ್ಕಿಸಿ ಮುಂದೆ ಕೂತ. “ಹೆಬ್ಬೆರಳು ಸುತ್ತಿ ಹಿಡೀಬ್ಯಾಡ್ರಿ, ಸಾಹೇಬ್ರ. ಉಲ್ಟಾ ಒದ್ದರ ಮುಂಗೈ ಮುರೀತೈತಿ.” ಎರಡನೇ ತಿರುವಿಗೆ ಎಂಜಿನ್ ಹೊತ್ತಿತು. ಬೂಟಿನ ಮಾತು ಬಾಯಿಗೆ ಬಂತು, ಆಡಲಿಲ್ಲ.

ಗಾಡಿ ಹುಬ್ಬಳ್ಳಿ ರಸ್ತೆಗೆ ಹೊರಳಿದ ಮೇಲೆ ಶಂಭುಲಿಂಗಪ್ಪ ಗೂಟದಿಂದ ಗೆಜ್ಜೆಸರ ತಂದು ಚಾಚಿದ. “ತಗೋ, ನೀನ ಇಟ್ಕೋ.”

“ಮಾರಿದವ್ರ ಮನ್ಯಾಗ ಇರಬೇಕಲ್ರಿ ಅದು.”

ಗಾಡಿ ನಿಂತಿದ್ದ ಜಾಗದ ಪಕ್ಕದಲ್ಲಿ ಮಹಬೂಬಸಾಬನ ಚಪ್ಪಲಿಗಳಿದ್ದವು. ಮೆಟ್ಟಿಕೊಂಡು ಮನೆಯ ದಾರಿ ಹಿಡಿದ.