ಹನ್ನೆರಡನೆಯವನ ಕಾಲು

ಹಾನಗಲ್ಲಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದು ನಿವೃತ್ತನಾದ ಮರುವರ್ಷದ ಮಾತು. ಅಕ್ಕಿಆಲೂರಿನ ಹತ್ತಿರದ ಹಳ್ಳಿಯೊಂದರ ಪುಟ್ಟ ಚರ್ಚಿನ ಫಾದರ್ ನನ್ನನ್ನು ಕರೆಸಿದರು. ಬಲಿಪೀಠದ ಹಿಂದಿನ ಗೋಡೆಗೆ, ಯೇಸು ತನ್ನ ಹನ್ನೆರಡು ಮಂದಿ ಶಿಷ್ಯರ ಕಾಲು ತೊಳೆಯುವ ಚಿತ್ರವನ್ನು ಈಸ್ಟರ್ ಹಬ್ಬದೊಳಗೆ ಬರೆದು ಮುಗಿಸಬೇಕಿತ್ತು. ನಾನು ಲಿಂಗಾಯತ. ನಮ್ಮಲ್ಲಿ ನಾವು ಗುರುವಿನ ಪಾದ ತೊಳೆಯುತ್ತೇವೆ. ಇಲ್ಲಿ ಗುರುವೇ ಶಿಷ್ಯರ ಕಾಲು ಹಿಡಿದದ್ದು ವಿಚಿತ್ರವೆನಿಸಿತು. ಆ ಕುತೂಹಲಕ್ಕೇ ಒಪ್ಪಿಕೊಂಡೆ.

ಮುಖಗಳು ಸಲೀಸಾಗಿ ಬಂದವು. ತಕರಾರು ಕಾಲುಗಳದು. ಜೀವಮಾನವಿಡೀ ಮಕ್ಕಳಿಂದ ಹೂಕುಂಡ, ಹಣ್ಣಿನ ತಟ್ಟೆ ಬರೆಸಿದವನಿಗೆ ಕಾಲು ಎಲ್ಲಿಂದ ಬರಬೇಕು? ಮಾಡೆಲ್ ಬೇಕು, ಅಂದರೆ ನೋಡಿ ಬರೆಯಲು ನಿಜವಾದ ಕಾಲು ಬೇಕು ಎಂದೆ. ಈಸ್ಟರಿನ ಮುಂಚಿನ ಪವಿತ್ರ ಗುರುವಾರ ಫಾದರ್ ಊರಿನ ಹನ್ನೆರಡು ಮಂದಿಯ ಕಾಲು ತೊಳೆದು ಮುತ್ತಿಡುವ ಪದ್ಧತಿ ಉಂಟು. ಅವರನ್ನೇ ಒಂದು ಭಾನುವಾರ ನನ್ನ ಮುಂದೆ ಕೂರಿಸಿದರು. ಎಲ್ಲರೂ ಗದ್ದೆಯ ಜನ. ಆದರೆ ಒಬ್ಬೊಬ್ಬರ ಕಾಲೂ ಕಲ್ಲಿನಿಂದ ತಿಕ್ಕಿ, ಎಣ್ಣೆ ಸವರಿ ಮಿಂಚುತ್ತಿತ್ತು. ಗುರುವಾರವೂ ಹೀಗೇ ಬರುತ್ತಾರಂತೆ.

"ನೀವ ತೊಳಕೊಂಡ ಬಂದ್ರ ನಾ ಏನ ತೊಳೀಲಿ?" ಎಂದು ಫಾದರ್ ನಕ್ಕರು.

ಆದರೆ ಆ ವರ್ಷ ಬಂದವರು ಹನ್ನೊಂದೇ ಜನ, ಒಬ್ಬರು ಕಡಿಮೆ ಬಿದ್ದಿದ್ದರು. ಫಾದರ್ ಕಣ್ಣು ಯೋಸೇಫನ ಮೇಲಿತ್ತು. ಅವನು ಅಕ್ಕಿ ಗಿರಣಿಯ ಹಮಾಲ. ಯಂತ್ರದ ಬೆಲ್ಟಿಗೆ ಸಿಕ್ಕು ಬಲಗಾಲಿನ ಎರಡು ಬೆರಳು ಹೋಗಿದ್ದವು. ಗುರುವಾರದ ಪೂಜೆಯಲ್ಲಿ ನೀರಿನ ತಂಬಿಗೆ ಹಿಡಿಯುತ್ತಿದ್ದ, ಕುರ್ಚಿಯಲ್ಲಿ ಮಾತ್ರ ಕೂರುತ್ತಿರಲಿಲ್ಲ. ಎಲ್ಲರೂ ಬರಿಗಾಲಲ್ಲಿರುವ ಚರ್ಚಿನಲ್ಲಿ ಅವನೊಬ್ಬ ಕಾಲುಚೀಲ ಹಾಕಿರುತ್ತಿದ್ದ. ಫಾದರ್ ಮಾತು ಮೀರಲಾರದೆ ನನ್ನ ಮುಂದೆ ಕೂತು ಅದನ್ನು ತೆಗೆದ.

"ಐದೂ ಬೆರಳ ಬರೀರಿ ಸರ. ದೇವರ ಗ್ವಾಡಿ ಐತಿ, ಚಂದ ಕಾಣಬೇಕು."

ಚರ್ಚಿನ ಹಿರಿಯರೂ ಅದನ್ನೇ ಅಂದರು. ಫಾದರ್ ಒಪ್ಪಲಿಲ್ಲ. ದೇವರ ಮುಂದೆ ಸತ್ಯ, ಒಳಿತು, ಚೆಲುವು ಬೇರೆ ಬೇರೆಯಲ್ಲ, ಸಾವಿನಿಂದ ಎದ್ದು ಬಂದ ಯೇಸುವಿನ ಕೈಯಲ್ಲೂ ಮೊಳೆಯ ಗಾಯ ಇದ್ದೇ ಇತ್ತು ಎಂದು ವಾದಿಸಿದರು. ಮಾತೇನೋ ಸರಿ. ಆದರೆ ಕಾಲು ಯೋಸೇಫನದು. ಅವನು ಮುಚ್ಚಿಟ್ಟದ್ದನ್ನು ಊರಿಗೆಲ್ಲ ಬರೆದು ತೋರಿಸಲು ನನಗೆ ಮನಸ್ಸಾಗಲಿಲ್ಲ. ಸುಳ್ಳು ಬೆರಳು ಬರೆಯಲೂ ಕೈ ಏಳಲಿಲ್ಲ. ಅಷ್ಟು ಜಾಗ ಖಾಲಿ ಬಿಟ್ಟೆ.

ಗುರುವಾರ ಸಂಜೆ ಹನ್ನೊಂದು ಜನರದು ಮುಗಿಯಿತು. ಫಾದರ್ ಖಾಲಿ ಕುರ್ಚಿಯ ಮುಂದೆ ಮಂಡಿಯೂರಿದರು. ಯಾರನ್ನೂ ಕರೆಯದೆ ಸುಮ್ಮನೆ ಕಾದರು. ಯೋಸೇಫ ತಂಬಿಗೆ ಹಿಡಿದು ತಲೆ ತಗ್ಗಿಸಿ ನಿಂತೇ ಇದ್ದ. ಕೊನೆಗೆ ಅವನ ಹೆಂಡತಿ ಮರಿಯವ್ವ ಹೆಂಗಸರ ಸಾಲಿನಿಂದ ಎದ್ದು ಬಂದು ತಂಬಿಗೆ ಇಸಿದುಕೊಂಡಳು.

"ಕುಂದರ್ರಿ. ಅವರ ಮಂಡಿ ನೋಯ್ತಾವ."

ಅವನು ಕೂತು ಕಾಲುಚೀಲ ತೆಗೆದ. ಮರಿಯವ್ವನೇ ನೀರು ಹೊಯ್ದಳು. ಗಿರಣಿಯಿಂದ ನೇರ ಬಂದಿದ್ದ ಕಾಲಿನಿಂದ ತೌಡಿನ ಕೊಳೆ ನೀರು ಇಳಿಯಿತು. ಆ ಸಂಜೆ ನಿಜವಾಗಿ ತೊಳೆಯಬೇಕಾಗಿದ್ದ ಕಾಲು ಅದೊಂದೇ. ಬೆರಳಿಲ್ಲದ ಜಾಗಕ್ಕೆ ಫಾದರ್ ಮುತ್ತಿಟ್ಟಾಗ ನನಗೆ ಅಳು ತಡೆಯಲಾಗಲಿಲ್ಲ.

ಶನಿವಾರ ಬೆಳಿಗ್ಗೆ ನಾನು ಬಣ್ಣ ಕಲಸುತ್ತಿದ್ದಾಗ ಯೋಸೇಫ ಬರಿಗಾಲಲ್ಲಿ ಬಂದು ಸ್ಟೂಲು ಎಳೆದು ಕೂತ. ಬಲಗಾಲು ಮುಂದಿಟ್ಟ.

"ಇದ್ದಂಗ ಬರೀರಿ ಸರ. ಫಾದರ್ ಮುತ್ತ ಇಟ್ಟಿದ್ದು ಇದಕ್ಕ."

'ಇದ್ದಂತೆ ಬರೆಯಿರಿ' ಎಂದು ನಾನು ಮಕ್ಕಳಿಗೆ ಹೇಳುತ್ತಲೇ ಬಂದವನು. ಹೂಕುಂಡ ಇದ್ದಂತೆ ಇರುತ್ತದೆ. ಮನುಷ್ಯ ಮಾತ್ರ, ತನ್ನನ್ನು ಯಾರೋ ಪ್ರೀತಿಯಿಂದ ಮುಟ್ಟಿದ ಮೇಲೆಯೇ ಇದ್ದಂತೆ ಕೂರುತ್ತಾನೆ. ಬರೆಯುವವನು ಅಲ್ಲಿಯವರೆಗೆ ಕಾಯಬೇಕು. ಆ ಕಡೆ ಹೋದಾಗೆಲ್ಲ ಚರ್ಚಿನೊಳಗೆ ಹೊಕ್ಕು ಆ ಕಾಲನ್ನು ನೋಡಿ ಬರುತ್ತೇನೆ. ನಾನು ಬರೆದ ಶಿಷ್ಯರ ಉಳಿದ ಇಪ್ಪತ್ತಮೂರು ಕಾಲುಗಳಿಗೆ ಐದೈದು ಬೆರಳಿವೆ, ಆದರೆ ಇದರಷ್ಟು ಚೆಲುವು ಒಂದಕ್ಕೂ ಬಂದಿಲ್ಲ.